‘ಕಥೆ ಹೇಳಿದ್ದೀರಿ, ವಿಶ್ಲೇಷಣೆ ಎಲ್ಲಿ?’ ಅಂದರೆ ಏನು ಮಾಡಬೇಕು?

ಮೊದಲಪುಟ
ನಮಸ್ಕಾರ ಎಲ್ಲರಿಗೂ. ಸಾಹಿತ್ಯದ ತರಗತಿಗೆ ಒಂದು ಪ್ರಬಂಧ ಬರೆಯಬೇಕಿದೆ. ಎರಡು ಸಣ್ಣ ಕಥೆ ಆರಿಸಿಕೊಂಡು, ಹೋಲಿಸಿ, ವಿಶ್ಲೇಷಣೆ ಮಾಡಬೇಕು. 1500 ಪದ. ನಾನು ಆರಿಸಿಕೊಂಡಿದ್ದು ಮೊಪಾಸಾನ ‘ನೆಕ್ಲೇಸ್’ (1884) ಮತ್ತು ಕೇಟ್ ಶೋಪಾನ್ ಬರೆದ ‘ಒಂದು ಗಂಟೆಯ ಕಥೆ’ (1894). ಎರಡನ್ನೂ ಮೂರು ಮೂರು ಸಲ ಓದಿದ್ದೇನೆ. ಎರಡೂ ತುಂಬಾ ಹಿಡಿಸಿವೆ.

ಮೊದಲ ಕರಡು ವಾಪಸ್ ಬಂತು. ಅಂಚಿನಲ್ಲಿ ಮೂರು ಕಡೆ ಒಂದೇ ಮಾತು: ‘ಕಥೆ ಹೇಳಿದ್ದೀರಿ. ವಿಶ್ಲೇಷಣೆ ಎಲ್ಲಿ?’ ನನಗೆ ನಿಜಕ್ಕೂ ವ್ಯತ್ಯಾಸ ಗೊತ್ತಾಗುತ್ತಿಲ್ಲ. ಏನಾಯ್ತು ಅಂತ ಹೇಳದೆ ಕಥೆಯ ಬಗ್ಗೆ ಮಾತಾಡೋದು ಹೇಗೆ? ನನ್ನ ಒಂದು ಪ್ಯಾರಾ ಹಾಕಿದ್ದೇನೆ. ಮುಲಾಜಿಲ್ಲದೆ ಹೇಳಿ.

“ಶ್ರೀಮತಿ ಮಲ್ಲಾರ್ಡ್‌ಗೆ ಹೃದಯದ ತೊಂದರೆ ಇರುತ್ತದೆ. ಗಂಡ ರೈಲು ಅಪಘಾತದಲ್ಲಿ ಸತ್ತ ಸುದ್ದಿಯನ್ನು ತಂಗಿ ಜೋಸೆಫೀನ್ ಮೆಲ್ಲಗೆ ತಿಳಿಸುತ್ತಾಳೆ. ಆಕೆ ಅತ್ತು, ಕೋಣೆಗೆ ಹೋಗಿ, ತೆರೆದ ಕಿಟಕಿಯ ಎದುರು ಕೂರುತ್ತಾಳೆ. ಕೊನೆಗೆ ಗಂಡ ಬದುಕಿ ಬರುತ್ತಾನೆ, ಆಕೆ ಸಾಯುತ್ತಾಳೆ. ಹೀಗೆ ಲೇಖಕಿ ಜೀವನದ ವಿಪರ್ಯಾಸವನ್ನು ಬಹಳ ಸುಂದರವಾಗಿ ಚಿತ್ರಿಸಿದ್ದಾರೆ.”

ಅಲ್ಪವಿರಾಮ
ಕಥೆ ಓದದೇ ಇರೋರು ಇಲ್ಲೇ ನಿಲ್ಲಿ. ಎರಡರದ್ದೂ ಕೊನೆ ಮುಂದೆ ಬಯಲಾಗುತ್ತೆ. ಶೋಪಾನ್ ಕಥೆ ಸಾವಿರ ಪದದ ಆಸುಪಾಸು ಅಷ್ಟೇ, ಓದ್ಕೊಂಡು ಬನ್ನಿ.

ಕರಡುಪ್ರತಿ
ನಿಮ್ಮ ಪ್ಯಾರಾದಲ್ಲಿ ಐದು ವಾಕ್ಯ ಇವೆ. ಮೊದಲ ನಾಲ್ಕು, ಕಥೆ ಓದಿದ ಯಾರಿಗಾದರೂ ಗೊತ್ತಿರುವಂಥವು. ನಿಮ್ಮ ಮೇಡಂ ಅಥವಾ ಮೇಷ್ಟ್ರು ಆ ಕಥೆಯನ್ನು ಎಷ್ಟು ಸಲ ಓದಿರುತ್ತಾರೋ. ಅವರಿಗೆ ಮತ್ತೆ ಕಥೆ ಬೇಕಿಲ್ಲ.

ಆದರೆ ನನ್ನ ತಕರಾರು ಐದನೇ ವಾಕ್ಯದ ಮೇಲೆ. ‘ಬಹಳ ಸುಂದರವಾಗಿ ಚಿತ್ರಿಸಿದ್ದಾರೆ.’ ಈ ವಾಕ್ಯವನ್ನು ಹಾಗೇ ಎತ್ತಿ ‘ನೆಕ್ಲೇಸ್’ ಬಗ್ಗೆ ಹಾಕಿ ನೋಡಿ. ಕೂರುತ್ತೆ ಅಲ್ವಾ? ಇನ್ನೂ ನೂರು ಕಥೆಗೂ ಕೂರುತ್ತೆ. ನಾನು ಬರೆದ ಪ್ರತಿ ಪ್ಯಾರಾಕ್ಕೂ ಇದೇ ಪರೀಕ್ಷೆ ಮಾಡುತ್ತೇನೆ. ಕಥೆಯ ಹೆಸರು ತೆಗೆದು ಬೇರೆ ಹೆಸರು ಹಾಕಿದರೂ ವಾಕ್ಯ ನಿಲ್ಲುತ್ತದೆ ಅಂದರೆ, ಅದು ಆ ಕಥೆಯ ಬಗ್ಗೆ ಏನೂ ಹೇಳಿಲ್ಲ.

ಈಗ ಒಂದೇ ಪ್ರಶ್ನೆಗೆ ಉತ್ತರ ಕೊಡಿ. ಓದುವಾಗ ಎಲ್ಲಿ ನಿಂತಿರಿ? ಯಾವ ಸಾಲಿನಲ್ಲಿ ‘ಅರೆ, ಇದೇನು’ ಅನ್ನಿಸಿತು?

ನೇರಮಾತು
ಇಷ್ಟೆಲ್ಲಾ ತಲೆ ಕೆಡಿಸಿಕೊಳ್ಳಬೇಡಿ. ವಸ್ತು, ಪಾತ್ರ, ಸನ್ನಿವೇಶ, ತಂತ್ರ, ಭಾಷೆ. ಐದು ತಲೆಬರಹ ಹಾಕಿ, ಎರಡು ಕಥೆಗೂ ಒಂದೊಂದು ಪ್ಯಾರಾ ಬರೆದರೆ 1500 ಪದ ತಾನಾಗಿ ಆಗುತ್ತೆ. ನಾವೆಲ್ಲ ಹಾಗೇ ಬರೆದು ಪಾಸಾದವರು.

ಕರಡುಪ್ರತಿ
@ನೇರಮಾತು, ಪದ ತುಂಬುತ್ತೆ, ವಾದ ಹುಟ್ಟಲ್ಲ. ಐದು ತಲೆಬರಹ ಅಂದರೆ ಐದು ಪೆಟ್ಟಿಗೆ. ಒಂದರಲ್ಲಿ ಹೇಳಿದ್ದಕ್ಕೂ ಇನ್ನೊಂದರಲ್ಲಿ ಹೇಳಿದ್ದಕ್ಕೂ ಸಂಬಂಧವೇ ಇರಲ್ಲ. ಅವರು ಅಂಚಿನಲ್ಲಿ ಕೇಳಿರೋದು ಅದನ್ನೇ.

ನೇರಮಾತು
ಪಟ್ಟಿ ಇಟ್ಟುಕೊಂಡು ಕಥೆಯನ್ನು ಗಮನವಿಟ್ಟು ಓದೋದರಲ್ಲಿ ತಪ್ಪೇನಿದೆ? ಹೊಸಬರಿಗೆ ಹಿಡಿದುಕೊಳ್ಳೋಕೆ ಏನಾದರೂ ಬೇಕಲ್ಲ.

ಕರಡುಪ್ರತಿ
ಓದುವಾಗ ಇಟ್ಟುಕೊಳ್ಳಲಿ, ಖಂಡಿತ. ಬರೆಯುವಾಗ ತೆಗೆದಿಡಲಿ.

ಕಿಟಕಿಪಕ್ಕ
ಒಂದು ಉದಾಹರಣೆ ಕೊಡಲಾ? ನನಗೆ ಆ ಕಥೆಯಲ್ಲಿ ಸಿಕ್ಕ ಒಂದು ಚಿಕ್ಕ ವಿಷಯ.

ಮೊದಲ ಸಾಲಿನಲ್ಲಿ ಆಕೆ ‘ಶ್ರೀಮತಿ ಮಲ್ಲಾರ್ಡ್’. ಅಂದರೆ ಗಂಡನ ಹೆಸರಿನಿಂದ ಗುರುತಾಗುವವಳು. ಗಂಡನಿಗೆ ಶುರುವಿನಲ್ಲೇ ಪೂರ್ತಿ ಹೆಸರಿದೆ: ಬ್ರೆಂಟ್ಲಿ ಮಲ್ಲಾರ್ಡ್. ಗಂಡನ ಸ್ನೇಹಿತ ರಿಚರ್ಡ್ಸ್, ಸಹೋದರಿ ಜೋಸೆಫೀನ್, ಇವರಿಗೂ ಹೆಸರಿದೆ. ಆಕೆ ಕೋಣೆಗೆ ಹೋಗುತ್ತಾಳೆ, ಬಾಗಿಲು ಹಾಕುತ್ತಾಳೆ, ಆರಾಮಕುರ್ಚಿಯಲ್ಲಿ ಕುಸಿಯುತ್ತಾಳೆ. ಹೊರಗೆ ಮರದ ತುದಿಗಳಲ್ಲಿ ವಸಂತದ ಚಿಗುರು, ಮಳೆಯ ವಾಸನೆ, ಗುಬ್ಬಚ್ಚಿಗಳ ಚಿಲಿಪಿಲಿ. ಅಲ್ಲಿ ನಿಧಾನಕ್ಕೆ ಆಕೆಗೆ ಗೊತ್ತಾಗುತ್ತದೆ, ಇನ್ನು ತಾನು ಸ್ವತಂತ್ರಳು ಅಂತ. ಅದನ್ನೇ ಪಿಸುಗುಟ್ಟುತ್ತಾಳೆ. ಅದಾದ ಮೇಲೆ, ಬಾಗಿಲಾಚೆಯಿಂದ ಜೋಸೆಫೀನ್ ಕರೆದಾಗ, ಮೊದಲ ಸಲ ಆಕೆಯ ಸ್ವಂತ ಹೆಸರು ನಮ್ಮ ಕಿವಿಗೆ ಬೀಳುತ್ತದೆ. ಲೂಯಿಸ್.

ಸ್ವತಂತ್ರಳಾದ ಮೇಲೆ ಆಕೆಗೆ ಹೆಸರು ಬಂತು. ಕಥೆಗಾರ್ತಿ ಎಲ್ಲೂ ಇದನ್ನು ವಿವರಿಸುವುದಿಲ್ಲ. ನಾವೇ ನೋಡಬೇಕು. ‘ಆಕೆಯ ಹೆಸರು ಲೂಯಿಸ್’ ಅನ್ನೋದು ಕಥಾಸಾರ. ‘ಆ ಹೆಸರು ಯಾವಾಗ ಬಂತು, ಆಗಲೇ ಯಾಕೆ ಬಂತು’ ಅನ್ನೋದು ವಿಶ್ಲೇಷಣೆ.

ಮೊದಲಪುಟ
ಮೂರು ಸಲ ಓದಿದ್ದರೂ ಇದು ಕಣ್ಣಿಗೆ ಬಿದ್ದಿರಲಿಲ್ಲ! ಈಗಷ್ಟೇ ಪುಸ್ತಕ ತೆಗೆದು ನೋಡಿದೆ. ಹೌದು.

@ಕರಡುಪ್ರತಿ, ನಾನು ನಿಂತಿದ್ದು ಕೊನೆಯ ಸಾಲಿನಲ್ಲಿ. ಗಂಡ ಬಾಗಿಲು ತೆಗೆದು ಒಳಗೆ ಬರುತ್ತಾನೆ, ಆಕೆ ಸಾಯುತ್ತಾಳೆ. ವೈದ್ಯರು ಬಂದು, ಹೃದಯದ ಕಾಯಿಲೆಯಿಂದ, ಕೊಲ್ಲುವಂಥ ಸಂತೋಷದಿಂದ ಸತ್ತಳು ಅನ್ನುತ್ತಾರೆ. ಓದಿದಾಗ ಸಿಟ್ಟು ಬಂತು. ಯಾಕೆ ಅಂತ ಗೊತ್ತಾಗಲಿಲ್ಲ.

ಕರಡುಪ್ರತಿ
ಆ ಸಿಟ್ಟನ್ನು ಬಿಡಬೇಡಿ. ನಿಮ್ಮ ಪ್ರಬಂಧ ಅಲ್ಲೇ ಇದೆ.

ಒಳನೋಟ
ಒಂದು ಭಾಷೆಯ ವಿಷಯ. ನೀವು ‘ತಂಗಿ ಜೋಸೆಫೀನ್’ ಅಂತ ಬರೆದಿದ್ದೀರಿ. ಮೂಲದಲ್ಲಿ ಅಕ್ಕನೋ ತಂಗಿಯೋ ಹೇಳಿಲ್ಲ. ಇಂಗ್ಲಿಷಿನ ‘ಸಿಸ್ಟರ್’ ಅನ್ನೋ ಪದ ಎರಡಕ್ಕೂ ಒಂದೇ. ಕನ್ನಡದಲ್ಲಿ ಬರೆಯುವಾಗ ನಾವು ನಮಗೇ ಗೊತ್ತಿಲ್ಲದೆ ಒಂದನ್ನು ಆರಿಸಿಬಿಡುತ್ತೇವೆ.

ಅಲ್ಪವಿರಾಮ
ಅಷ್ಟು ಸಣ್ಣದಕ್ಕೆ ಯಾರು ಮಾರ್ಕ್ಸ್ ಕಡಿಮೆ ಮಾಡ್ತಾರೆ?

ಒಳನೋಟ
ಮಾರ್ಕ್ಸ್ ಮಾತಲ್ಲ. ಅಕ್ಕ ಅಂದರೆ ಹೊಣೆ ಹೊತ್ತು ಸುದ್ದಿ ಹೇಳುವ ದೊಡ್ಡವಳು. ತಂಗಿ ಅಂದರೆ ಹೆದರಿ, ತಡವರಿಸಿ ಹೇಳುವ ಚಿಕ್ಕವಳು. ಚಿತ್ರವೇ ಬೇರೆಯಾಗುತ್ತೆ. ಕಥೆ ಕೊಡದೇ ಇರೋದನ್ನು ನಾವು ಸೇರಿಸಿ, ಅದರ ಮೇಲೆ ವಾದ ಕಟ್ಟಿದರೆ ವಾದ ಬಿದ್ದುಹೋಗುತ್ತೆ. ‘ಸಹೋದರಿ’ ಅನ್ನಿ. ಸ್ವಲ್ಪ ಬಿಗಿ ಅನ್ನಿಸುತ್ತೆ, ಪರವಾಗಿಲ್ಲ.

ಇನ್ನೊಂದು ಕಡೆ ಕನ್ನಡ ನಿಮಗೆ ಸಹಾಯವನ್ನೂ ಮಾಡುತ್ತೆ. ‘ಹೃದಯದ ತೊಂದರೆ’ ಅಂದಾಗ ನಮಗೂ ಎರಡು ಅರ್ಥ ಕೇಳಿಸುತ್ತೆ. ದೇಹದ್ದು, ಮನಸ್ಸಿನದ್ದು. ಕಥೆಯ ಮೊದಲ ವಾಕ್ಯದಲ್ಲೂ ಅದೇ ಹೃದಯ, ಕೊನೆಯದರಲ್ಲೂ ಅದೇ ಹೃದಯ. ನಡುವೆ ಅದರ ಅರ್ಥ ಬದಲಾಗಿದೆ, ಆದರೆ ವೈದ್ಯರಿಗೆ ಅದು ಗೊತ್ತಿಲ್ಲ.

ಪುಟದಂಚು
ಲೇಖಕಿಯ ಜೀವನ ಯಾರೂ ಎತ್ತಲೇ ಇಲ್ಲ. ಶೋಪಾನ್ ಅವರ ತಂದೆ 1855ರಲ್ಲಿ ರೈಲು ಅಪಘಾತದಲ್ಲಿ ಸತ್ತರು. ಆಗ ಅವರಿಗೆ ಐದು ವರ್ಷ. ಗಂಡ 1882ರಲ್ಲಿ ತೀರಿಕೊಂಡರು, ಅವರು ಬರೆಯಲು ಶುರು ಮಾಡಿದ್ದೇ ವಿಧವೆಯಾದ ಮೇಲೆ. ಕಥೆಯಲ್ಲಿ ರೈಲು ಅಪಘಾತ, ವಿಧವೆ. ಎದ್ದು ಕಾಣುತ್ತಲ್ಲ, ಇದನ್ನು ಬರೆಯಿರಿ. ಪೀಠಿಕೆಗೆ ಚೆನ್ನಾಗಿ ಕೂರುತ್ತೆ.

ಕಿಟಕಿಪಕ್ಕ
ಬೇಡ ಬೇಡ. ಇಲ್ಲೇ ಎಲ್ಲರೂ ಜಾರೋದು. ತಂದೆ ಸತ್ತಿದ್ದು ನಿಜ. ಆದರೆ ಅದು ಈ ಕಥೆಯ ಯಾವ ಸಾಲನ್ನು ತಿಳಿಸಿಕೊಡುತ್ತೆ? ರೈಲು ಕಥೆಯಲ್ಲಿ ಎಲ್ಲಿಂದ ಬಂತು ಅನ್ನೋದು ಗೊತ್ತಾಯ್ತು. ಕಥೆಯಲ್ಲಿ ಅದು ಏನು ಮಾಡ್ತಾ ಇದೆ ಅನ್ನೋದು ಗೊತ್ತಾಗಲಿಲ್ಲ.

1946ರಲ್ಲಿ ವಿಮ್‌ಸ್ಯಾಟ್ ಮತ್ತು ಬಿಯರ್ಡ್ಸ್‌ಲಿ ಅನ್ನೋ ಇಬ್ಬರು ಅಮೆರಿಕನ್ ಚಿಂತಕರು ಇದೇ ವಿಷಯಕ್ಕೆ ಒಂದು ಲೇಖನ ಬರೆದರು. ಲೇಖಕರ ಉದ್ದೇಶ ಏನಿತ್ತು ಅನ್ನೋದರಿಂದ ಕೃತಿಯನ್ನು ಅಳೆಯಬಾರದು ಅನ್ನೋದು ಅವರ ವಾದ. ಪೂರ್ತಿ ಒಪ್ಪಬೇಕು ಅಂತಿಲ್ಲ. ಆದರೆ 1500 ಪದದ ಪ್ರಬಂಧದಲ್ಲಿ 300 ಪದ ಜೀವನಚರಿತ್ರೆಗೆ ಹೋದರೆ ಕಥೆಗೆ ಏನು ಉಳೀತು?

ಪುಟದಂಚು
ಲೇಖಕಿಯನ್ನು ಹೊರಗಟ್ಟಿ ಓದೋದು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ. ಆ ಕಾಲದಲ್ಲಿ ಒಬ್ಬ ಹೆಂಗಸು ಇಂಥ ಕಥೆ ಬರೆದರು ಅನ್ನೋದೇ ದೊಡ್ಡ ಸಂಗತಿ. ಅದನ್ನು ಹೇಳದೆ ಹೇಗಿರೋದು?

ಕಿಟಕಿಪಕ್ಕ
ಕಾಲದ ಬಗ್ಗೆ ಹೇಳಿ, ಒಪ್ಪಿದೆ. ಒಂದು ಸಾಲು. ಅದೂ ವಾದಕ್ಕೆ ಬೇಕಾದ ಕಡೆ, ಪೀಠಿಕೆ ತುಂಬೋಕೆ ಅಲ್ಲ.

ಪುಟದಂಚು
ಒಂದು ಸಾಲಾದರೆ ಸರಿ. ಆದರೆ ನಾನು ಎರಡು ಬರೀತಿದ್ದೆ.

ಹಳೇಓದುಗ
‘ನೆಕ್ಲೇಸ್’ ಕಡೆ ಯಾರೂ ಹೋಗಿಲ್ಲ, ನಾನು ಹೋಗ್ತೀನಿ. ಈ ಕಥೆ ಬಗ್ಗೆ ಎಲ್ಲರೂ ಬರೆಯೋದು ಒಂದೇ: ಮತಿಲ್ಡಾ ದುರಾಸೆಯವಳು, ಆಡಂಬರಕ್ಕೆ ಶಿಕ್ಷೆ ಆಯ್ತು. ಒಂದು ರಾತ್ರಿಗೆ ಗೆಳತಿಯ ಹಾರ ಎರವಲು ತಂದಳು, ಕಳೆದಳು, 36,000 ಫ್ರಾಂಕ್ ಕೊಟ್ಟು ಬೇರೆ ಕೊಂಡು ಹಿಂತಿರುಗಿಸಿದಳು, ಹತ್ತು ವರ್ಷ ಸಾಲ ತೀರಿಸಿದಳು. ಕೊನೆಗೆ ಗೊತ್ತಾಗುತ್ತೆ, ಮೂಲ ಹಾರ ನಕಲಿ, ಹೆಚ್ಚೆಂದರೆ 500 ಫ್ರಾಂಕ್.

ಈಗ ಮಧ್ಯಕ್ಕೆ ಹೋಗಿ. ಹಾರ ಕಳೆದ ಮೇಲೆ ಗಂಡ ಹೆಂಡತಿ ಆ ಡಬ್ಬಿಯ ಒಳಗಿದ್ದ ಹೆಸರು ಹಿಡಿದು ಆಭರಣದ ಅಂಗಡಿಗೆ ಹೋಗುತ್ತಾರೆ. ಅಂಗಡಿಯವನು ಲೆಕ್ಕದ ಪುಸ್ತಕ ತಿರುವಿ ಹಾಕಿ ಏನು ಹೇಳುತ್ತಾನೆ? ಹಾರ ಮಾರಿದ್ದು ನಾನಲ್ಲ, ಡಬ್ಬಿ ಮಾತ್ರ ನನ್ನದಿರಬೇಕು ಅಂತ.

ಡಬ್ಬಿ ಒಂದು ಕಡೆಯದು, ಒಳಗಿನದು ಇನ್ನೊಂದು ಕಡೆಯದು. ಗುಟ್ಟು ಅಲ್ಲೇ ಇದೆ. ಕಥೆಯ ಅರ್ಧದಲ್ಲೇ ಹೇಳಿಬಿಟ್ಟಿದ್ದಾನೆ. ನಾವೂ ಕೇಳಿಸಿಕೊಳ್ಳಲ್ಲ, ಮತಿಲ್ಡಾನೂ ಕೇಳಿಸಿಕೊಳ್ಳಲ್ಲ. ಯಾಕೆಂದರೆ ಆ ಹೊತ್ತಿಗೆ ಅವಳ ಗಾಬರಿ ನಮ್ಮದೂ ಆಗಿರುತ್ತೆ.

ಅಲ್ಪವಿರಾಮ
ಅಯ್ಯೋ. ಎಷ್ಟು ವರ್ಷದಿಂದ ಈ ಕಥೆ ಗೊತ್ತು ನನಗೆ. ಒಂದು ಸಲವೂ ಅಲ್ಲಿ ನಿಂತಿರಲಿಲ್ಲ.

ಹಳೇಓದುಗ
ಇನ್ನೂ ಇದೆ. ಹೊಸ ಹಾರ ವಾಪಸ್ ಕೊಟ್ಟಾಗ ಗೆಳತಿ, ಮದಾಂ ಫೊರೆಸ್ಟಿಯೇ, ಡಬ್ಬಿ ತೆರೆಯುವುದೇ ಇಲ್ಲ. ತಡವಾಯ್ತು ಅಂತ ಮುಖ ಗಂಟು ಹಾಕುತ್ತಾಳೆ ಅಷ್ಟೇ. ಎಲ್ಲಿ ತೆರೆದುಬಿಡುತ್ತಾಳೋ ಅಂತ ಮತಿಲ್ಡಾ ಹೆದರಿಕೊಂಡಿರುತ್ತಾಳೆ. ತೆರೆದಿದ್ದರೆ ಹತ್ತು ವರ್ಷ ಉಳಿಯುತ್ತಿತ್ತು! ಹಾಗಾದರೆ ಇದು ಆಡಂಬರದ ಕಥೆ ಅಷ್ಟೇನಾ? ಒಂದು ಮಾತು ಬಾಯಿಬಿಟ್ಟು ಹೇಳಲಾಗದ ನಾಚಿಕೆಯ ಕಥೆ ಅಂತ ನಾನು ಓದುತ್ತೇನೆ.

ನೇರಮಾತು
ಆದರೆ ಆಡಂಬರ ಇಲ್ಲ ಅನ್ನೋಕಾಗಲ್ಲ. ಗಂಡ ಬಂದೂಕಿಗೆ ಅಂತ ಕೂಡಿಟ್ಟಿದ್ದ 400 ಫ್ರಾಂಕ್ ಅವಳ ಉಡುಪಿಗೆ ಹೋಯ್ತು. ಅದು ಸಾಲದೆ ಆಭರಣ ಇಲ್ಲ ಅಂತ ಮತ್ತೆ ಕೊರಗು. ಕಥೆಯೇ ಹೇಳುತ್ತೆ.

ಹಳೇಓದುಗ
ಒಳ್ಳೆ ಮಾತು. ನೀವು ಈಗ ಮಾಡಿದ್ದೇ ವಿಶ್ಲೇಷಣೆ, ನೋಡಿ. ಪಠ್ಯದಿಂದ ಒಂದು ವಿವರ ಎತ್ತಿ ನನ್ನ ಓದಿಗೆ ಅಡ್ಡ ಇಟ್ಟಿರಿ. ಪ್ರಬಂಧದಲ್ಲಿ ಇದಕ್ಕೂ ಜಾಗ ಕೊಡಬೇಕು. ಎದುರು ವಾದಕ್ಕೆ ಉತ್ತರ ಕೊಟ್ಟ ಪ್ಯಾರಾ ಇದ್ದರೆ ಬರಹಕ್ಕೆ ತೂಕ ಬರುತ್ತೆ.

ಸುಮ್ನೆಓದು
ಒಂದು ಮಾತು ಹೇಳಲಾ? ಹೀಗೆ ಕೊಚ್ಚಿ ಕೊಚ್ಚಿ ನೋಡಿದರೆ ಕಥೆ ಓದೋ ಖುಷಿನೇ ಹೋಗುತ್ತೆ. ನಾನು ಓದಿದ ತರಗತಿಯಲ್ಲಿ ಒಂದು ಕಥೆಯನ್ನು ಮೂರು ವಾರ ‘ವಿಶ್ಲೇಷಣೆ’ ಮಾಡಿದರು. ಪ್ರತಿ ಬಣ್ಣಕ್ಕೂ ಒಂದು ಅರ್ಥ ಬರೆಸಿದರು, ಬಾಯಿಪಾಠ ಮಾಡಿಸಿದರು. ಆ ಕಥೆಯನ್ನು ನಾನು ಮತ್ತೆ ಮುಟ್ಟಿಲ್ಲ. ತುಂಬಾ ನೋವಿದೆ ಅದರ ಬಗ್ಗೆ, ಯಾಕೆಂದರೆ ಮೊದಲ ಸಲ ಓದಿದಾಗ ಅದು ನನ್ನ ಕಥೆ ಅನ್ನಿಸಿತ್ತು.

ಕಿಟಕಿಪಕ್ಕ
ನಿಮಗಾಗಿದ್ದು ಅನ್ಯಾಯ. ಆದರೆ ಅದು ವಿಶ್ಲೇಷಣೆ ಅಲ್ಲ, ಬೇರೆಯವರ ಉತ್ತರ ಬರೆದುಕೊಳ್ಳೋದು. ಲೂಯಿಸ್ ಅನ್ನೋ ಹೆಸರು ಎಲ್ಲಿ ಬಂತು ಅಂತ ನನಗೆ ಕಂಡ ದಿನ ರಾತ್ರಿ ನಿದ್ದೆ ಬಂದಿರಲಿಲ್ಲ. ಅಷ್ಟು ಸಂತೋಷ ಆಗಿತ್ತು. ಕಥೆ ಚಿಕ್ಕದಾಗಲಿಲ್ಲ, ದೊಡ್ಡದಾಯ್ತು.

ಸುಮ್ನೆಓದು
ಮೇಲೆ ಡಬ್ಬಿಯ ವಿಷಯ ಓದಿದಾಗ ನನಗೂ ಮೈ ಜುಂ ಅಂತು, ಅದು ನಿಜ.

ಒಳನೋಟ
ವಿಷಯಕ್ಕೆ ಬರೋಣ. @ಮೊದಲಪುಟ, ಎರಡು ಕಥೆ ಹೋಲಿಸುವುದಕ್ಕೆ ಒಂದು ಪ್ರಶ್ನೆ ಬೇಕು, ಎರಡಕ್ಕೂ ಒಂದೇ ಪ್ರಶ್ನೆ. ‘ಎರಡರಲ್ಲೂ ಹೆಂಗಸರಿದ್ದಾರೆ, ಎರಡರಲ್ಲೂ ಕೊನೆಗೆ ತಿರುವಿದೆ’ ಅನ್ನೋದು ಪಟ್ಟಿ. ತಿರುವು ಇದೆ ಸರಿ, ಎರಡು ತಿರುವೂ ಒಂದೇ ಥರ ಕೆಲಸ ಮಾಡ್ತವಾ?

ನನಗೆ ಹಾಗನ್ನಿಸಲ್ಲ. ‘ನೆಕ್ಲೇಸ್’ ಕೊನೆಯಲ್ಲಿ ಮತಿಲ್ಡಾಗೂ ನಮಗೂ ಒಟ್ಟಿಗೇ ಸತ್ಯ ಗೊತ್ತಾಗುತ್ತೆ. ಇಬ್ಬರೂ ಮೋಸಹೋಗಿದ್ದೀವಿ. ಶೋಪಾನ್ ಕಥೆಯಲ್ಲಿ ಉಲ್ಟಾ. ಆ ಮುಚ್ಚಿದ ಕೋಣೆಯಲ್ಲಿ ಆಕೆಯ ಜೊತೆ ಇದ್ದವರು ನಾವು ಮಾತ್ರ. ಜೋಸೆಫೀನ್‌ಗೆ ಗೊತ್ತಿಲ್ಲ, ರಿಚರ್ಡ್ಸ್‌ಗೆ ಗೊತ್ತಿಲ್ಲ, ಗಂಡನಿಗೆ ಗೊತ್ತಿಲ್ಲ, ವೈದ್ಯರಿಗಂತೂ ಇಲ್ಲವೇ ಇಲ್ಲ. ಅವರು ‘ಸಂತೋಷದಿಂದ ಸತ್ತಳು’ ಅಂದಾಗ ಅದು ಸುಳ್ಳು ಅಂತ ಗೊತ್ತಿರೋರು ಓದುಗರು ಮಾತ್ರ. ನಿಮಗೆ ಸಿಟ್ಟು ಬಂದಿದ್ದು ಅದಕ್ಕೇ ಇರಬೇಕು. ನಿಜ ಗೊತ್ತಿದೆ, ಹೇಳೋಕೆ ಯಾರೂ ಇಲ್ಲ.

ಮೊದಲಪುಟ
ಇದೇ! ನನಗೆ ಅನ್ನಿಸಿದ್ದು ಇದೇ, ಮಾತು ಸಿಕ್ಕಿರಲಿಲ್ಲ.

ಪುಟದಂಚು
ಆಕೆ ಆಘಾತದಿಂದ ಸತ್ತಿರಬಹುದು ಅಷ್ಟೇ. ಸ್ವಾತಂತ್ರ್ಯ ಹೋಯ್ತು ಅಂತಲೇ ಸತ್ತಳು ಅನ್ನೋಕೆ ಕಥೆಯಲ್ಲಿ ಎಲ್ಲಿದೆ ಆಧಾರ? ಸತ್ತ ಅಂದುಕೊಂಡವನು ಎದುರು ನಿಂತರೆ ಯಾರ ಎದೆಯಾದರೂ ನಿಲ್ಲಬಹುದು. ಹೃದಯದ ತೊಂದರೆ ಮೊದಲ ಸಾಲಿನಲ್ಲೇ ಇದೆ. ಜೊತೆಗೆ, ಗಂಡನನ್ನು ಕೆಲವೊಮ್ಮೆ ಪ್ರೀತಿಸಿದ್ದಳು ಅಂತಲೂ ಕಥೆ ಹೇಳುತ್ತೆ.

ಒಳನೋಟ
ಕೆಲವೊಮ್ಮೆ. ಅದರ ಮುಂದಿನ ವಾಕ್ಯ, ಬಹಳ ಸಲ ಪ್ರೀತಿಸಿರಲಿಲ್ಲ ಅಂತ. ಅದನ್ನು ಬಿಟ್ಟು ಉದ್ಧರಿಸಬಾರದು.

ಆದರೆ ನಿಮ್ಮ ಮಾತಿನಲ್ಲಿ ಒಂದು ಎಚ್ಚರಿಕೆ ಇದೆ. ಗಂಡ ಕಂಡ ಕ್ಷಣದಲ್ಲಿ ಆಕೆಯ ಮನಸ್ಸಿನಲ್ಲಿ ಏನಾಯ್ತು ಅಂತ ನಿರೂಪಣೆ ಹೇಳಲ್ಲ. ಅಷ್ಟು ಹೊತ್ತು ಆಕೆಯ ಒಳಗೇ ಇದ್ದ ನಿರೂಪಣೆ, ಸರಿಯಾಗಿ ಅಲ್ಲೇ ಹೊರಗೆ ಬಂದುಬಿಡುತ್ತೆ. ಹಾಗಾಗಿ ‘ಹೀಗೆಯೇ ಸತ್ತಳು’ ಅಂತ ಬರೆಯಬೇಡಿ. ‘ನಿರೂಪಣೆ ಇಲ್ಲಿ ಬಾಯಿ ಮುಚ್ಚುತ್ತೆ, ಆ ಜಾಗವನ್ನು ವೈದ್ಯರ ಮಾತು ತುಂಬುತ್ತೆ’ ಅಂತ ಬರೆಯಿರಿ. ಅದು ಕಥೆಯಲ್ಲೇ ಇದೆ, ಯಾರೂ ಅಲ್ಲಗಳೆಯೋಕಾಗಲ್ಲ.

ಹಳೇಓದುಗ
ನಿರೂಪಕ ಎಲ್ಲಿ ನಿಂತಿದ್ದಾನೆ ಅನ್ನೋದು ದೊಡ್ಡ ವಿಷಯ. ಮಾಸ್ತಿಯವರು ರಂಗನ ಮದುವೆಯ ಬಗ್ಗೆ ಬರೆದ ಕಥೆ ನೆನಪಾಯ್ತು. ಅಲ್ಲಿ ಶ್ಯಾಮ ನಮ್ಮ ಪಕ್ಕದಲ್ಲಿ ಕೂತು ಹರಟೆ ಹೊಡೆದ ಹಾಗೆ ಕಥೆ ಹೇಳುತ್ತಾನೆ. ಆದರೆ ಶಾಸ್ತ್ರಿಗಳ ಜೊತೆ ಸೇರಿ ಮದುವೆ ಕುದುರಿಸಿದವನೂ ಅವನೇ. ಹೇಳುವವನೇ ಆಡಿಸುವವನು.

ಅಲ್ಪವಿರಾಮ
ಅದೇ ಬೇರೆ ಪ್ರಬಂಧ ಆಗುತ್ತೆ, ಇಲ್ಲಿ ಶುರು ಮಾಡಬೇಡಿ ಸರ್.

ಮೊದಲಪುಟ
ಎರಡು ಸಣ್ಣ ಅನುಮಾನ. ಒಂದು, ಮೊದಲು ಒಂದು ಕಥೆ ಪೂರ್ತಿ, ಆಮೇಲೆ ಇನ್ನೊಂದು ಬರೆಯಬೇಕಾ, ಅಥವಾ ಬೆರೆಸಬೇಕಾ? ಎರಡು, ಉದ್ಧರಣೆ ಎಷ್ಟು ಉದ್ದ ಇರಬೇಕು?

ಕರಡುಪ್ರತಿ
ಬೆರೆಸಿ. ಒಂದೊಂದು ಪ್ಯಾರಾಕ್ಕೂ ಒಂದು ಅಂಶ, ಅದರೊಳಗೆ ಎರಡೂ ಕಥೆ. ಬೇರೆ ಬೇರೆ ಬರೆದರೆ ಎರಡು ಕಥಾಸಾರ ಅಕ್ಕಪಕ್ಕ ಕೂತಹಾಗೆ ಆಗುತ್ತೆ. ಹೋಲಿಸುವ ಕೆಲಸ ಓದುವವರ ತಲೆಗೆ ಬೀಳುತ್ತೆ.

ಉದ್ಧರಣೆ ಆದಷ್ಟು ಚಿಕ್ಕದು. ಒಂದು ಪದ ಸಾಕಾದರೆ ಒಂದೇ ಪದ. ಉದ್ಧರಿಸಿ ಹಾಗೇ ಬಿಟ್ಟು ಮುಂದೆ ಹೋಗಬೇಡಿ. ಸಾಲು ಹಾಕಿದ ಮೇಲೆ ಅದರಲ್ಲಿರೋ ಯಾವ ಪದದ ಮೇಲೆ ನಿಮ್ಮ ಕಣ್ಣಿದೆ ಅಂತ ಹೇಳಿ. ಅನುವಾದದಲ್ಲಿ ಓದಿದ್ದರೆ ಯಾರ ಅನುವಾದ ಅಂತಲೂ ಬರೆಯಿರಿ. ಮೊಪಾಸಾ ಬರೆದಿದ್ದು ಫ್ರೆಂಚಿನಲ್ಲಿ, ಪದ ಹಿಡಿದು ವಾದ ಮಾಡುವಾಗ ಇದು ಮುಖ್ಯ.

ನೇರಮಾತು
ಕ್ರಿಯಾಪದದ ಕಾಲ ಒಂದೇ ಇರಲಿ. ಕಥೆಯೊಳಗೆ ಆಗೋದೆಲ್ಲ ವರ್ತಮಾನದಲ್ಲಿ: ಮತಿಲ್ಡಾ ಹೋಗುತ್ತಾಳೆ, ಕಳೆಯುತ್ತಾಳೆ. ಕಥೆ ಪ್ರಕಟವಾಗಿದ್ದು ಭೂತಕಾಲದಲ್ಲಿ. ಮೇಷ್ಟ್ರುಗಳ ಕಣ್ಣಿಗೆ ಮೊದಲು ಕುಕ್ಕೋದು ಇದೇ.

ಕಿಟಕಿಪಕ್ಕ
ನನಗೆ ಇನ್ನೊಂದು ಹೊಳೀತಿದೆ. ‘ನೆಕ್ಲೇಸ್’ನಲ್ಲಿ ತೆರೆಯದ ಡಬ್ಬಿ. ಇನ್ನೊಂದರಲ್ಲಿ ಮುಚ್ಚಿದ ಬಾಗಿಲು, ಬೀಗದ ಕಿಂಡಿಗೆ ಬಾಯಿಟ್ಟು ಬೇಡಿಕೊಳ್ಳುವ ಜೋಸೆಫೀನ್. ಎರಡರಲ್ಲೂ ಸತ್ಯ ಒಳಗಿದೆ, ಹೊರಗಿರೋರಿಗೆ ಕಾಣಲ್ಲ.

ನೇರಮಾತು
ಇದು ಎಳೆದು ಕಟ್ಟಿದ ಹಾಗಾಯ್ತು. ಡಬ್ಬಿ, ಬಾಗಿಲು ಎಲ್ಲ ಕಥೆಯಲ್ಲೂ ಇರುತ್ತೆ.

ಕಿಟಕಿಪಕ್ಕ
ಇರುತ್ತೆ. ಆದರೆ ಇಲ್ಲಿ ಅದು ತೆರೆದಿದ್ದರೆ ಕೊನೆಯ ಸಾಲೇ ಇರ್ತಿರಲಿಲ್ಲ. ಫೊರೆಸ್ಟಿಯೇ ಡಬ್ಬಿ ತೆರೆದಿದ್ದರೆ ಹತ್ತು ವರ್ಷದ ದುಡಿತ ಇಲ್ಲ. ಜೋಸೆಫೀನ್ ಒಳಗೆ ಬಂದು ಆಕೆಯ ಮುಖ ನೋಡಿದ್ದರೆ, ವೈದ್ಯರ ಮಾತು ನಂಬದ ಒಬ್ಬರಾದರೂ ಆ ಮನೆಯಲ್ಲಿ ಇರ್ತಿದ್ದರು.

ಹಳೇಓದುಗ
ಎರಡನೇದರಲ್ಲಿ ಒಂದು ತಿದ್ದುಪಡಿ. ಆಕೆ ಕೊನೆಗೆ ತಾನೇ ಬಾಗಿಲು ತೆರೆದು, ಗೆಲುವಿನ ದೇವತೆಯ ಹಾಗೆ ಹೊರಗೆ ಬರುತ್ತಾಳೆ. ಸಹೋದರಿಯ ಸೊಂಟ ಬಳಸಿ ಮೆಟ್ಟಿಲು ಇಳಿಯುತ್ತಾಳೆ. ಜೋಸೆಫೀನ್ ಮುಖ ನೋಡಿರಲೇಬೇಕು. ನೋಡಿಯೂ ಗೊತ್ತಾಗಲಿಲ್ಲ.

ಕಿಟಕಿಪಕ್ಕ
ಹೌದು, ಅದನ್ನು ಮರೆತಿದ್ದೆ. ಒಪ್ಪಿದೆ. ಅದು ಇನ್ನೂ ನೋವಿನದು.

ಮೊದಲಪುಟ
ಎರಡು ದಿನ ಕೂತು ಮೊದಲ ಪ್ಯಾರಾ ಹೊಸದಾಗಿ ಬರೆದೆ:

“ಮೊಪಾಸಾನ ‘ನೆಕ್ಲೇಸ್’ ಮತ್ತು ಶೋಪಾನ್ ಅವರ ‘ಒಂದು ಗಂಟೆಯ ಕಥೆ’ ಎರಡೂ ಕೊನೆಯ ಸಾಲಿನಲ್ಲಿ ತಿರುಗುತ್ತವೆ. ಆದರೆ ಆ ಸಾಲು ಓದುಗರನ್ನು ನಿಲ್ಲಿಸುವ ಜಾಗ ಬೇರೆ. ‘ನೆಕ್ಲೇಸ್’ನಲ್ಲಿ ನಾವು ಮತಿಲ್ಡಾಳ ಜೊತೆಗೇ ಮೋಸಹೋಗುತ್ತೇವೆ, ಆಭರಣದ ಅಂಗಡಿಯವನು ಕೊಟ್ಟ ಸುಳಿವನ್ನು ಅವಳ ಹಾಗೇ ದಾಟಿಹೋಗುತ್ತೇವೆ. ಶೋಪಾನ್ ಕಥೆಯಲ್ಲಿ ಮೋಸಹೋಗದವರು ನಾವು ಮಾತ್ರ. ವೈದ್ಯರು ಹೇಳುವ ‘ಸಂತೋಷ’ ಯಾವುದೆಂದು ಲೂಯಿಸ್ ಸತ್ತ ಮೇಲೆ ನಮ್ಮನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ. ಒಂದು ಕಥೆ ಓದುಗರನ್ನು ತಪ್ಪಿನಲ್ಲಿ ಪಾಲುದಾರರನ್ನಾಗಿ ಮಾಡಿದರೆ, ಇನ್ನೊಂದು ಒಬ್ಬಂಟಿ ಸಾಕ್ಷಿಯನ್ನಾಗಿ ಮಾಡುತ್ತದೆ.”

ಡಬ್ಬಿಯ ವಿಷಯ ಎರಡನೇ ಪ್ಯಾರಾಕ್ಕೆ ಇಟ್ಟಿದ್ದೇನೆ. ಬಾಗಿಲನ್ನು ಬಿಟ್ಟೆ, ನನಗೆ ಅದನ್ನು ಗಟ್ಟಿಯಾಗಿ ನಿಲ್ಲಿಸೋಕೆ ಆಗಲಿಲ್ಲ.

ನೇರಮಾತು
ಇದಕ್ಕೆ ‘ನಾನು ಒಪ್ಪಲ್ಲ’ ಅಂತ ಹೇಳಬಹುದು. ಹಾಗಾದರೆ ಇದು ವಾದವೇ. ಚೆನ್ನಾಗಿದೆ.

ಸುಮ್ನೆಓದು
‘ಒಬ್ಬಂಟಿ ಸಾಕ್ಷಿ’ ಅನ್ನೋದು ಮನಸ್ಸಿಗೆ ತಾಗಿತು.

ಕರಡುಪ್ರತಿ
‘ಸಾಲು ಓದುಗರನ್ನು ನಿಲ್ಲಿಸುವ ಜಾಗ’ ಸ್ವಲ್ಪ ತೊಡಕು. ‘ಆದರೆ ಆ ಸಾಲು ಓದುವಾಗ ನಾವು ಯಾರ ಪಕ್ಕ ಇದ್ದೇವೆ ಅನ್ನುವುದು ಬೇರೆ’ ಅಂದರೆ ಸಲೀಸಾಗುತ್ತೆ. ಉಳಿದಿದ್ದು ಮುಟ್ಟಬೇಡಿ.

ಹಳೇಓದುಗ
ಎರಡನೇ ಪ್ಯಾರಾಕ್ಕೆ ಒಂದು ಮಾತು. ಕಪ್ಪು ಸ್ಯಾಟಿನ್ ಡಬ್ಬಿಯಲ್ಲಿ ಆ ಹಾರ ಮೊದಲು ಕಂಡಾಗ ಮತಿಲ್ಡಾಳ ಕೈ ನಡುಗುತ್ತದೆ. ಹೊಸದನ್ನು ಡಬ್ಬಿಯಲ್ಲಿಟ್ಟು ಕೊಟ್ಟಾಗ ಗೆಳತಿ ಮುಚ್ಚಳವನ್ನೇ ಎತ್ತಲ್ಲ. ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಮೊದಲಪುಟ
ನೋಡಿದೆ. ಬೆಲೆಬಾಳುವುದು ಡಬ್ಬಿಯೊಳಗಿದ್ದಾಗ ಯಾರೂ ನೋಡಲಿಲ್ಲ. ನಕಲಿಯನ್ನು ನೋಡಿದಾಗ ಕೈ ನಡುಗಿತ್ತು. ಬರೆಯೋಕೆ ಕೂತೆ.